ನಿಂಬೆಹಣ್ಣಿನ ಪರೀಕ್ಷೆ

ಅಕ್ಟೋಬರ್ ತಿಂಗಳ ಬೆಳಗುಗಳಲ್ಲಿ ನಮ್ಮ ಫಿಯೆಟ್ಟಿನ ಮೇಲೆ ಪಾರಿಜಾತ ಉದುರಿರುತ್ತದೆ. ಬಾನೆಟ್ಟಿನ ಮೇಲೆ, ವೈಪರಿನ ಸಂದಿಯಲ್ಲಿ, ಗಾಜಿನ ಬುಡದಲ್ಲಿ. ಅದನ್ನು ಗುಡಿಸಲು ನನಗೆ ಮನಸ್ಸಾಗುವುದಿಲ್ಲ. ವಸಂತ್ ಕುಂಜಿನ ನಮ್ಮ ಬ್ಲಾಕಿನ ಉಳಿದ ಕಾರುಗಳಿಗೆಲ್ಲ ಕಾರು ಒರೆಸುವ ಭಯ್ಯಾ ಬಂದು ಒದ್ದೆ ಬಟ್ಟೆ ಎಳೆದು ಹೋಗುತ್ತಾನೆ. ಇದನ್ನು ಮಾತ್ರ ಮುಟ್ಟಬೇಡ ಎಂದು ಹೇಳಿಟ್ಟಿದ್ದೇನೆ. ಅರವತ್ತು ದಾಟಿದವಳ ಮುಖವನ್ನು ಯಾರೆಂದರೆ ಯಾರು ಒರೆಸಬಹುದೆ?

ಕಾರು ತಾತನದು. ಅರಸೀಕೆರೆಯಲ್ಲಿ ಡಾಕ್ಟರಾಗಿದ್ದ ಅವರು ಕೊಂಡದ್ದು, ಅಪ್ಪನಿಗೆ ಬಂದದ್ದು. ಅಪ್ಪ ನಾರಾಯಣಸ್ವಾಮಿಯವರಿಗೆ ಕೇಂದ್ರ ಸರ್ಕಾರದ ಕೆಲಸ ಸಿಕ್ಕಾಗ, ಎಲ್ಲರೂ ರೈಲು ಹತ್ತಿ ಎಂದರೂ ಕೇಳದೆ, ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದರಲ್ಲೇ ದಿಲ್ಲಿಗೆ ಬಂದರು. ದಾರಿಯುದ್ದಕ್ಕೂ ಅವರು ಎಂಜಿನ್ನಿಗೆ ನೀರು ಕುಡಿಸಿದರಂತೆ, ಅಮ್ಮನಿಗೆ ಬಾಯಾರಿತೆ ಎಂದು ಒಂದು ಸಲವೂ ಕೇಳಲಿಲ್ಲವಂತೆ. ಅವತ್ತಿನಿಂದ ಅಮ್ಮನಿಗೆ ಈ ಕಾರು ಸವತಿ. ಅಪ್ಪ ಹೋಗಿ ಒಂದೂವರೆ ವರ್ಷವಾಯಿತು. ನಾನು ಶಿಲ್ಲಾಂಗಿನ ಕೆಲಸದಿಂದ ವರ್ಗ ಮಾಡಿಸಿಕೊಂಡು ಬಂದೆ. ಈಗ ಅಮ್ಮನೂ ಅವಳ ಸವತಿಯೂ ನನ್ನ ಪಾಲಿಗಿದ್ದಾರೆ.

ದಿಲ್ಲಿಯಲ್ಲಿ ಹದಿನೈದು ವರ್ಷವಾದ ಪೆಟ್ರೋಲ್ ಗಾಡಿ ಮುದಿ. ಐವತ್ತು ದಾಟಿಸಿ ಕಾಗದಪತ್ರ ಮಾಡಿಸಿದರೆ ವಿಂಟೇಜ್, ಅದರ ಮರ್ಯಾದೆಯೇ ಬೇರೆ. ನಾನೂ ಐವತ್ತರ ಹೊಸ್ತಿಲಲ್ಲಿದ್ದೇನೆ, ಕಾದು ನೋಡುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ನನ್ನದೂ ಅದರದೂ ಸ್ನಾನ. ಪ್ಲಗ್ ಬಿಚ್ಚಿ ಉಪ್ಪುಕಾಗದ ಹಾಕಿ ಉಜ್ಜುತ್ತೇನೆ, ಬ್ಯಾಟರಿಯ ಕಿಲುಬು ತೆಗೆಯುತ್ತೇನೆ, ಕಾಶ್ಮೀರಿ ಗೇಟಿನ ಅಂಗಡಿಗಳಲ್ಲಿ ಹುಡುಕಿ ತಂದ ರಬ್ಬರು ಪೈಪನ್ನು ಹೊಂದಿಸುತ್ತೇನೆ. ಆಮೇಲೆ ಬಕೆಟ್ಟಿನಿಂದ ನೀರು ಸುರಿಯುತ್ತೇನೆ. ನಮ್ಮ ಬ್ಲಾಕಿನ ಮುಂದಿನ ರಸ್ತೆ ನೋಡಲು ಸಮತಟ್ಟು, ನೀರು ಚೆಲ್ಲಿದಾಗ ಮಾತ್ರ ಅದರ ಇಳಿಜಾರು ತಿಳಿಯುತ್ತದೆ. ಪಾರಿಜಾತದ ಹೂಗಳು ಒಂದರ ಹಿಂದೊಂದು ಚಕ್ರಕ್ಕೆ ಒತ್ತುಕೊಟ್ಟ ಇಟ್ಟಿಗೆಯನ್ನು ಬಳಸಿಕೊಂಡು ಗೇಟಿನ ಕಡೆ ತೇಲುತ್ತ ಹೋಗುತ್ತವೆ. ಎಷ್ಟು ಹೊತ್ತು ಬೇಕಾದರೂ ಅದನ್ನೇ ನೋಡುತ್ತ ನಿಲ್ಲಬಹುದು.

ಒರೆಸಿ ಮುಗಿಸಿ ಒಳಗೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ರೆಕ್ಸಿನ್, ಪೆಟ್ರೋಲ್, ಅಪ್ಪನ ನಶ್ಯ ಮೂರೂ ಬೆರೆತ ವಾಸನೆ. ಮೇಲೆ ವಿಮಾನಗಳು ಇಳಿಯುತ್ತಿರುತ್ತವೆ, ಅವುಗಳ ಸದ್ದು ಮೆಲ್ಲಗೆ ಎಂಜಿನ್ನಿನ ಸದ್ದಾಗುತ್ತದೆ. ಕಾರು ಹೊರಡುತ್ತದೆ. ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ನಾನೂ ಅಣ್ಣನೂ ಹಿಂದಿನ ಸೀಟಿನಲ್ಲಿ ಮೊಣಕಾಲೂರಿಕೊಂಡು ಹಿಂದಿನ ಗಾಜಿಗೆ ಮೂಗು ಒತ್ತಿದ್ದೇವೆ. ಇಂಡಿಯಾ ಗೇಟು ಸಣ್ಣದಾಗುತ್ತದೆ, ಕೈಯಲ್ಲಿ ಕಿತ್ತಳೆ ಐಸ್‌ಕ್ಯಾಂಡಿ ಕರಗುತ್ತದೆ. ಯಮುನೆ ದಾಟಿದರೆ ನರ್ಮದೆ, ನರ್ಮದೆ ದಾಟಿದರೆ ಅರಸೀಕೆರೆಯ ತೆಂಗಿನಮರಗಳು. ನಡುವೆ ಏನೂ ಇಲ್ಲ. ಓಡಿಸುತ್ತಿರುವುದು ಅಪ್ಪ. ಅವರ ಕತ್ತಿನ ಹಿಂಭಾಗ ಮಾತ್ರ ಕಾಣುತ್ತದೆ. ಮುಖ ನೋಡೋಣವೆಂದು ಮುಂದಕ್ಕೆ ಬಾಗುವಷ್ಟರಲ್ಲಿ ಎಚ್ಚರವಾಗುತ್ತದೆ. ಪ್ರತಿ ಸಲವೂ ಹೀಗೇ. ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಅಪ್ಪನಿಗೆ ಒಂದು ನಿಯಮವಿತ್ತು. ಆಯುಧಪೂಜೆಯ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗ ಗಾಡಿ ತಾನಾಗಿ ಚಲಿಸಿ ಅವನ್ನು ಮೆಟ್ಟಬೇಕು. ಯಾರೂ ತಳ್ಳಕೂಡದು. "ತಾನಾಗಿ ನಿಂಬೆಹಣ್ಣು ಮೆಟ್ಟದ ಗಾಡಿ ಗಾಡಿಯಲ್ಲ, ಗುಜರಿ. ಅದನ್ನ ಮನೆ ಮುಂದೆ ಇಟ್ಕೋಬಾರದು, ಕೊಟ್ಟುಬಿಡಬೇಕು" ಎನ್ನುತ್ತಿದ್ದರು. ನಾವು ಮಕ್ಕಳು ಊರು ಬಿಟ್ಟ ಮೇಲೂ ಪ್ರತಿ ಹಬ್ಬಕ್ಕೆ ಅಪ್ಪನಿಂದ ಫೋನಿಗೆ ಒಂದು ಫೋಟೋ ಬರುತ್ತಿತ್ತು. ಚಕ್ರದಡಿಯಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು, ಕೆಳಗೆ ಮೂರೇ ಪದ: ಈ ವರ್ಷವೂ ಪಾಸ್.

ಅಪ್ಪ ಹೋದ ವರ್ಷ ಹಬ್ಬವಿರಲಿಲ್ಲ. ಹಾಗಾಗಿ ಈ ಸಲದ್ದು ನನ್ನ ಕೈಗೆ ಬಂದ ಮೇಲಿನ ಮೊದಲ ಪರೀಕ್ಷೆ.

ಅಣ್ಣ ಶ್ರೀವತ್ಸ ಫರೀದಾಬಾದಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮ್ಯಾನೇಜರು. ಹೋದ ತಿಂಗಳು ಬಂದವನು ಚಹಾ ಹೀರುತ್ತ ಮೆಲ್ಲಗೆ ಮಾತು ತೆಗೆದ. ಮದುವೆ ಮೆರವಣಿಗೆಗೆ ಹಳೇ ಕಾರು ಬಾಡಿಗೆ ಕೊಡುವ ಗಿರಾಕಿಯೊಬ್ಬ ಸಿಕ್ಕಿದ್ದಾನಂತೆ.

"ಮೇಲ್ಛಾವಣಿ ಕತ್ತರಿಸಿ ಕೆಂಪು ಸೋಫಾ ಹಾಕಿಸ್ತಾನಂತೆ. ಕೊನೇಪಕ್ಷ ಓಡಾಡ್ಕೊಂಡಿರುತ್ತಲ್ಲ."

"ತಾತನ ತಲೇನೂ ಕತ್ತರಿಸಿ ಸೋಫಾ ಹಾಕಿಸು" ಎಂದೆ.

"ನಿಂತಲ್ಲೇ ಕೊಳೆಯೋದನ್ನ ನನ್ನ ಕೈಲಿ ನೋಡೋಕಾಗಲ್ಲ ಕಣೇ ಹಂಸಿನಿ. ಪ್ರತಿ ಸಲ ಗೇಟಿನ ಒಳಗೆ ಬಂದಾಗ ಮುಖ ತಿರುಗಿಸ್ಕೊಂಡು ಬರ್ತೀನಿ. ಚಲೋ, ಅಪ್ಪನ ರೂಲ್ ಇದೆಯಲ್ಲ, ಹಾಗೇ ಮಾಡೋಣ. ನಿಂಬೆಹಣ್ಣು ಮೆಟ್ಟಿದ್ರೆ ನಿನ್ನದು. ಇಲ್ಲಾಂದ್ರೆ ನಾನು ಅವನಿಗೆ ಫೋನ್ ಮಾಡ್ತೀನಿ."

ಒಪ್ಪಿಕೊಂಡೆ. ಕಾರಿನ ಮೇಲೆ ನನಗೆ ಅಷ್ಟು ನಂಬಿಕೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. ಸವತಿ ಹೋದರೆ ಅವಳಿಗೇನು ನಷ್ಟ ಎಂದುಕೊಂಡೆ.

ಹಬ್ಬದ ಹಿಂದಿನ ಸಂಜೆ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸಪ್ತಪರ್ಣಿ ಹೂವಿನ ಅಮಲೇರಿಸುವ ಪರಿಮಳ, ಎಲ್ಲೋ ರಾಮಲೀಲೆಯ ಮೈಕು, ತಗ್ಗಿನಲ್ಲಿ ತಂಗುವ ಹೊಗೆಮಂಜು. ಇಷ್ಟರ ನಡುವೆ ಅದು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಡುತ್ತ ನಿಂತಿತ್ತು. ಸಂತೋಷಕ್ಕೆ ಸ್ಟೀರಿಂಗಿಗೆ ಮುತ್ತು ಕೊಟ್ಟೆ.

ಬೆಳಿಗ್ಗೆ ಅಣ್ಣ ಬಂದ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದೆವು. ಚಕ್ರಗಳಿಗೆ ಒತ್ತಿ ನಾಲ್ಕು ನಿಂಬೆಹಣ್ಣು ಇಟ್ಟೆ. ನವಮಿಯೆಂದು ಮನೆಮನೆಗೆ ಹಲ್ವಾ ಪೂರಿ ತಿನ್ನಲು ಹೊರಟಿದ್ದ ಪುಟ್ಟ ಹುಡುಗಿಯರ ದಂಡು ಕೆಂಪು ದುಪಟ್ಟಾ ಹೊದ್ದು ಅಲ್ಲೇ ನಿಂತಿತು.

"ಆಂಟೀ, ನಿಂಬು ಕ್ಯೋಂ ರಖಾ?" ನಿಂಬೆಹಣ್ಣು ಯಾಕೆಂದು ಒಬ್ಬಳು ಕೇಳಿದಳು.

"ಗಾಡಿ ಕಾ ಎಕ್ಸಾಮ್ ಹೈ" ಎಂದು ಕೂತು ಕೀಲಿ ತಿರುವಿದೆ.

ಎಂಜಿನ್ ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ಚೋಕ್ ಎಳೆದು ಮತ್ತೆ ತಿರುವಿದೆ. ಕೆಳಗಿಳಿದು ಬಾನೆಟ್ ಎತ್ತಿ ನನಗೆ ಗೊತ್ತಿದ್ದುದನ್ನೆಲ್ಲ ಮಾಡಿ ಮುಚ್ಚಿದೆ. ಬೈದೆ, ಬೇಡಿಕೊಂಡೆ. ಕೊನೆಕೊನೆಗೆ ಕೀಲಿ ತಿರುವಿದರೆ ಬರೀ ಟಿಕ್ ಎಂಬ ಸದ್ದು. ಅಣ್ಣ ಗೆದ್ದವನ ಹಾಗೆ ನಿಂತಿರಲಿಲ್ಲ. ನೆಲ ನೋಡುತ್ತಿದ್ದ. ಆಮೇಲೆ ಜೇಬಿನಿಂದ ಫೋನು ತೆಗೆದ.

"ಸಾಕು ಬಿಡೆ" ಎಂದ.

ಅಮ್ಮ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನಿಧಾನಕ್ಕೆ ಇಳಿದು ಬಂದಳು. ಸೆರಗು ಸಿಕ್ಕಿಸಿಕೊಂಡು, ಮಂಡಿ ನೋವಿನಲ್ಲೇ ಬಾಗಿ, ಒಂದು ನಿಂಬೆಹಣ್ಣನ್ನು ಎತ್ತಿ ಚಕ್ರದಿಂದ ಒಂದು ಗೇಣು ಮುಂದೆ ಇಟ್ಟಳು. ಆಮೇಲೆ ಎರಡನೆಯದನ್ನು.

"ಏನಮ್ಮ ಮಾಡ್ತಿದ್ದೀಯ?" ಎಂದೆ.

"ಚಕ್ರಕ್ಕೇ ಒತ್ತಿ ಇಟ್ರೆ ಹತ್ತಲ್ಲ. ಸ್ವಲ್ಪ ಓಟ ಸಿಗಬೇಕು."

ನಾಲ್ಕೂ ನಿಂಬೆಹಣ್ಣು ಗೇಣು ಮುಂದೆ ಹೋದವು. ಅಮ್ಮ ಬಾನೆಟ್ಟು ಹಿಡಿದು ನೆಟ್ಟಗಾಗಿ ನಮ್ಮಿಬ್ಬರನ್ನೂ ನೋಡಿದಳು.

"ಕೊನೇ ಮೂರು ವರ್ಷ ಇದು ನಿಮ್ಮಪ್ಪನ ಕೈಲೂ ಸ್ಟಾರ್ಟ್ ಆಗಲಿಲ್ಲ" ಎಂದಳು. "ಮೊದಲನೇ ಸಲ ಸ್ಟೀರಿಂಗ್ ಮೇಲೆ ತಲೆ ಇಟ್ಕೊಂಡು ಕೂತುಬಿಟ್ರು. 'ವಿಮಲಾ, ನನ್ನ ರೂಲೇ ನನಗೆ ಉರುಳಾಯ್ತಲ್ಲೇ, ಇನ್ನು ಕೊಟ್ಟುಬಿಡಬೇಕು' ಅಂದ್ರು. ಅವರಿಗಾಗಲೇ ಎದೆನೋವು. ಇದೂ ಹೋದ್ರೆ ಆ ಮನುಷ್ಯ ಉಳೀತಾರಾ? ನಾನೇ ಇಟ್ಟಿಗೆ ತೆಗೆದೆ. ಬ್ರೇಕ್ ಬಿಡಿ ಅಂದೆ. ಉರುಳ್ತು. 'ಯಾರಾದ್ರೂ ತಳ್ಳಿದ್ರಾ? ತಾನಾಗೇ ತಾನೆ ಹೋಯ್ತು? ಪಾಸು' ಅಂದೆ. ಮಗುವಿನ ಹಾಗೆ ನಕ್ರು. ನಿಮಗೆ ಬರ್ತಿದ್ದ ಫೋಟೋ ತೆಗೀತಿದ್ದೋಳು ನಾನೇ."

ಅಣ್ಣನ ಕೈಯಲ್ಲಿದ್ದ ಫೋನು ಹಾಗೇ ಕೆಳಗಿಳಿಯಿತು.

"ಮತ್ತೆ ಸವತಿ ಅಂತಿದ್ದೆ?" ಎಂದೆ.

"ಸವತೀನೇ. ಅವರನ್ನ ನನ್ನ ಹಾಗೇ ಬಲ್ಲೋರು ಇನ್ಯಾರಿದ್ದಾರೆ ಈ ಊರಲ್ಲಿ?" ಎಂದವಳೇ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ, ದಿಲ್ಲಿಗೆ ಬಂದಾಗ ಕೂತಿದ್ದ ಕಡೆಯೇ, ಕೂತಳು. "ಶ್ರೀವತ್ಸ, ಇಟ್ಟಿಗೆ ತೆಗಿ."

ಅಣ್ಣ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಬಗ್ಗಿ ಇಟ್ಟಿಗೆಯನ್ನು ತೆಗೆದು ಪಾರಿಜಾತದ ಬುಡಕ್ಕೆ ಇಟ್ಟು, ಓಡಿ ಬಂದು ಹಿಂದಿನ ಸೀಟಿಗೆ ಹತ್ತಿದ. ನಾನು ಗೇರು ಬಿಡಿಸಿ ಹ್ಯಾಂಡ್‌ಬ್ರೇಕು ಸಡಿಲಿಸಿದೆ.

ಮೊದಲು ಏನೂ ಆಗಲಿಲ್ಲ. ಪಕ್ಕದ ಗೋಡೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಸದ್ದೇ ಇಲ್ಲ. ಎಂಜಿನ್ನಿನ ಸದ್ದೊಂದನ್ನು ಬಿಟ್ಟರೆ ಕನಸಿನಲ್ಲಿ ಕಾರು ಹೊರಡುವುದೂ ಹೀಗೆಯೇ. ನಿಂಬೆಹಣ್ಣುಗಳು ಒಂದೊಂದಾಗಿ ಪಚ್ ಎಂದವು, ಹುಳಿ ಪರಿಮಳ ಕಿಟಕಿಯೊಳಗೆ ಬಂತು. ಹುಡುಗಿಯರು "ಪಾಸ್! ಪಾಸ್!" ಎಂದು ಕೂಗುತ್ತ ಪಕ್ಕದಲ್ಲೇ ಓಡಿ ಬಂದರು. ಬಾನೆಟ್ಟಿನ ಪಾರಿಜಾತ ಗಾಳಿಗೆ ಒಂದೆರಡು ಹಾರಿತು. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಅಣ್ಣ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಮೀಸೆ ನರೆತ ಮೇಲೆ ಅವನು ಪೂರ್ತಿ ಅಪ್ಪನಾಗಿದ್ದಾನೆ. ಅಷ್ಟು ಭಾನುವಾರಗಳಿಂದ ನೋಡಲಾಗದ ಮುಖವನ್ನು ಕಣ್ತುಂಬ ನೋಡಿದೆ.

ಗೇಟಿನ ಹತ್ತಿರ ಬ್ರೇಕು ಒತ್ತಿದೆ. ಅಣ್ಣ ಇಳಿದು ಹೋಗಿ ಅಪ್ಪಚ್ಚಿಯಾದ ನಿಂಬೆಹಣ್ಣಿನ ಫೋಟೋ ತೆಗೆದ. "ಆ ಗಿರಾಕಿಗೆ ಬೇಡ ಅಂತೀನಿ" ಎಂದ. ತಲೆ ತಗ್ಗಿಸಿಕೊಂಡು ಏನೋ ಬರೆದ, ಯಾರಿಗೋ ಕಳಿಸಿದ.

ಅಮ್ಮನ ಮಡಿಲಲ್ಲಿದ್ದ ಚೀಲದೊಳಗೆ ಫೋನು ಸದ್ದು ಮಾಡಿತು. ಅದು ಅಪ್ಪನ ಫೋನು. ಅವರು ಹೋದ ದಿನದಿಂದ ಅಮ್ಮ ಅದಕ್ಕೆ ದಿನವೂ ಚಾರ್ಜು ಹಾಕಿ ಹತ್ತಿರವೇ ಇಟ್ಟುಕೊಂಡಿದ್ದಾಳೆ, ಒಮ್ಮೆಯೂ ತೆರೆದು ನೋಡಿಲ್ಲ.

"ತೆಗೆದು ನೋಡಮ್ಮ" ಎಂದೆ.

"ನನಗಲ್ಲ ಬಂದಿರೋದು" ಎಂದು ಅಮ್ಮ ಚೀಲದ ಮೇಲೆ ಕೈಯಿಟ್ಟುಕೊಂಡು ಕೂತಳು.