ಎರಡೆರಡು ಬೀಳುವ ಅಕ್ಷರ

ಪಟಾಕಿ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಕಂಪ್ಯೂಟರ್ ರಿಪೇರಿಯವನು, ಮೂಗಿನ ತುದಿಯಲ್ಲೇ ಕೋಪ. "ಇದು ಯಾಕೆ ಕೆಟ್ಟೋಯ್ತು?" ಎಂದು ಗಿರಾಕಿ ಒಂದು ಸಲ ಕೇಳಿದರೆ ಉತ್ತರ ಕೊಡುತ್ತಿದ್ದ. ಎರಡನೇ ಸಲ ಕೇಳಿದರೆ ಸಿಡಿಯುತ್ತಿದ್ದ. ಆ ಸಿಡಿತಕ್ಕೆ ಹೆದರದ ಜೀವ ಒಂದೇ ಒಂದು, ಪಕ್ಕದ ಮಳಿಗೆಯಲ್ಲಿ ಟೈಪಿಂಗ್ ಮಾಡುವ ಅವನ ಅಕ್ಕ.

ಅಪ್ಪ ದರ್ಜಿ. ಅಪ್ಪನ ಕೈ ಸೋತ ಮೇಲೆ ಮನೆಯ ಒಲೆ ಉರಿದದ್ದು ಅಕ್ಕನ ಬೆರಳುಗಳಿಂದ. ಅರ್ಜಿ, ಬಾಡಿಗೆ ಕರಾರು, ಕಾಲೇಜು ಹುಡುಗರ ಪ್ರಬಂಧ, ಏನೇ ಬರಲಿ, ಗಿರಾಕಿಯ ಮುಖ ನೋಡಿ ಊರ ಸುದ್ದಿ ಮಾತಾಡುತ್ತಲೇ ಹೊಡೆದು ಮುಗಿಸುತ್ತಿದ್ದಳು. ಒಂದು ತಪ್ಪು ಹುಡುಕಿ ಕೊಟ್ಟವರಿಗೆ ಪುಕ್ಕಟೆ ಎನ್ನುತ್ತಿದ್ದಳು. ಪುಕ್ಕಟೆ ಪಡೆದವರನ್ನು ಯಾರೂ ಕಂಡಿರಲಿಲ್ಲ.

ಇತ್ತೀಚೆಗೆ ಒಬ್ಬ ವಕೀಲರು ಕಾಗದ ಹಿಂದಕ್ಕೆ ತಂದರು. ಅಲ್ಲಲ್ಲಿ ಒಂದಿರಬೇಕಾದ ಅಕ್ಷರ ಎರಡೆರಡು ಬಿದ್ದಿತ್ತು. ಕೀಬೋರ್ಡು ಹಳೆಯದಾಯಿತು ಎಂದುಕೊಂಡ ಪಟಾಕಿ ದೊಡ್ಡ ಅಂಗಡಿಗೆ ಹೋಗಿ, ತಂತಿಯಿಲ್ಲದ, ಪ್ರತಿ ಗುಂಡಿಯ ಕೆಳಗೂ ಬೇರೆ ಬೇರೆ ಸ್ವಿಚ್ಚಿರುವ ಮೆಕ್ಯಾನಿಕಲ್ ಕೀಬೋರ್ಡ್ ತಂದ. ಬಳಸಿ ನೋಡಿ, ಸರಿ ಬಾರದಿದ್ದರೆ ವಾರದೊಳಗೆ ವಾಪಸ್ ಮಾಡಬಹುದಿತ್ತು.

"ಇದೇನೋ, ಕೀಬೋರ್ಡೋ ರುಬ್ಬೋ ಕಲ್ಲೋ?" ಅಕ್ಕ ಎರಡೂ ಕೈಯಲ್ಲಿ ಎತ್ತಿ ನೋಡಿದಳು.

"ಭಾರ ಇದ್ರೆ ಮೇಜಿನ ಮೇಲೆ ಜಾರಲ್ಲ. ಮೊದ್ಲು ಹೊಡೆದು ನೋಡು, ಆಮೇಲೆ ಬಾಯಿ ಬಿಡು."

ಹೊಡೆದಳು. ಒಣಕಾಳನ್ನು ಮರದ ಡಬ್ಬಿಗೆ ಸುರಿದಂಥ, ಕಿವಿಗೆ ಚುಚ್ಚದ ತುಂಬು ಸದ್ದು. ಅಕ್ಕನ ಮುಖ ಅರಳಿತು.

"ಎತ್ತರ ಒಂಚೂರು ಜಾಸ್ತಿ, ಮಣಿಕಟ್ಟು ನೋಯುತ್ತೆ. ಆದ್ರೆ ಬೆರಳಿಟ್ಟ ಕೂಡ್ಲೇ ಮಾತು ಕೇಳುತ್ತೆ ಕಣೋ. ನಿನಗಿಂತ ವಾಸಿ."

ಟವೆಲ್ ಮಡಚಿ ಮಣಿಕಟ್ಟಿನ ಕೆಳಗೆ ಇಟ್ಟುಕೊಟ್ಟ. ಮಾರನೇ ದಿನ ಅವಳೇ ಅವನ ಅಂಗಡಿಗೆ ಬಂದಳು.

"ಇದೂ ಎರಡೆರಡು ಹೊಡೀತಿದೆ. ಎಡಗೈ ಕಿರುಬೆರಳಿನ ಹತ್ರ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಪಟಾಕಿ, ತಲೆ ಎತ್ತದೆ.

"ನಿನ್ನ ತಲೇನೇ ಡೊಂಕು! ತಂತಿ ಇಲ್ಲದ್ದು ತರಬೇಡ ಅಂದ್ರೆ ಕೇಳ್ತೀಯಾ?"

ತಂತಿ ಸಿಕ್ಕಿಸಿಕೊಟ್ಟ. ಆಗಲೂ ಎರಡಾಯಿತು. ರಿಪೇರಿಯವರಿಗೆ ಒಂದು ದಾರಿಯಿದೆ: ಅನುಮಾನ ಬಂದ ಭಾಗವನ್ನು ಬೇರೆ ಕಡೆ ಕೂರಿಸಿ ನೋಡುವುದು. ದೋಷ ಅದರ ಜೊತೆಗೇ ಹೋದರೆ ಅದೇ ಕಳ್ಳ, ಹೋಗದಿದ್ದರೆ ಕಳ್ಳ ಬೇರೆ. ಆ ಗುಂಡಿಯ ಸ್ವಿಚ್ ಕಿತ್ತು, ಯಾರೂ ಮುಟ್ಟದ ಮೂಲೆಯ ಸ್ವಿಚ್ಚನ್ನು ಅಲ್ಲಿಗೆ ಹಾಕಿದ. ಅಕ್ಕ ಹೊಡೆದಳು. ದೋಷ ಅದೇ ಜಾಗದಲ್ಲಿತ್ತು. ಹಾಗಾದರೆ ಒಳಗಿನ ಸರ್ಕ್ಯೂಟ್ ಹಲಗೆಯೇ ಕೆಟ್ಟಿದೆ ಎಂದು ದೊಡ್ಡ ಅಂಗಡಿಗೆ ಹೋಗಿ, "ಬೆಳ್ಳಿ ಬೆಲೆ ತಗೊಂಡು ತಗಡು ಕೊಡ್ತೀರಾ?" ಎಂದು ಕೂಗಾಡಿದ. ಅವರು ಮಾತಿಲ್ಲದೆ ಇನ್ನೊಂದು ಕೊಟ್ಟರು.

ಹೊಸದರಲ್ಲೂ ಅಕ್ಷರ ಎರಡಾಯಿತು.

ಪಟಾಕಿ ಅದನ್ನು ತನ್ನ ಮೇಜಿಗೆ ತಂದು, ಅಂಗಡಿಯ ಬಾಗಿಲು ಅರ್ಧ ಎಳೆದು, ತಾನೇ ಹೊಡೆಯುತ್ತ ಕೂತ. ಕಿರುಬೆರಳು ಉರಿಯುವವರೆಗೂ ಹೊಡೆದ. ಒಂದೇ ಒಂದು ಅಕ್ಷರ ಎರಡಾಗಲಿಲ್ಲ. ತಂತಿ ಬದಲಾಗಿತ್ತು, ಸ್ವಿಚ್ ಬದಲಾಗಿತ್ತು, ಕೀಬೋರ್ಡೇ ಬದಲಾಗಿತ್ತು. ಈಗ ಕೈ ಬದಲಾಯಿತು, ದೋಷ ಹೋಯಿತು. ತಾನು ನಗೆಗೆಂದು ಎಸೆದ ಗಾದೆ ತಿರುಗಿ ತನಗೇ ಬಂದು ಬಡಿಯಿತು.

ಅಪ್ಪನಿಗೂ ಹೀಗೇ ಶುರುವಾದದ್ದು. ಕತ್ತರಿಯ ಹಿಡಿ ಸಡಿಲ ಎಂದ, ಬೇರೆ ತಂದ. ಅದೂ ಸರಿಯಿಲ್ಲ ಎಂದು ಮೂರನೆಯದು ತಂದ. ಹೊಲಿಗೆ ಮಿಷನ್ನನ್ನೂ ಬದಲಾಯಿಸಿದ. ಕೊನೆಗೆ ಡಾಕ್ಟರ ಹತ್ತಿರ ಹೋಗುವಾಗ ಊರವರಿಗೆಲ್ಲ ಗುಂಡಿ ಹೊಲಿದ ಮನುಷ್ಯನಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. "ಮೊದಲೇ ಬರಬಾರದಿತ್ತೇ?" ಎಂದಿದ್ದರು ಡಾಕ್ಟರು.

ಊರಿಗೆಲ್ಲ ನಿಜವನ್ನು ಮುಖಕ್ಕೆ ಹೊಡೆದಂತೆ ಹೇಳುವ ಪಟಾಕಿಗೆ ಅವತ್ತು ನಾಲಿಗೆ ಏಳಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಸೆಟ್ಟಿಂಗ್ ಇತ್ತು. ಗುಂಡಿಯನ್ನು ರೆಪ್ಪೆ ಬಡಿಯುವಷ್ಟರಲ್ಲಿ ಎರಡು ಸಲ ಒತ್ತಿದರೆ ಎರಡನೆಯದನ್ನು ಅದು ನುಂಗಿಬಿಡುತ್ತದೆ. ಅಕ್ಕನ ಕಂಪ್ಯೂಟರಿಗೆ ಅದನ್ನು ಹಾಕಿ, "ಈಗ ಹೊಡಿ" ಎಂದ.

ಒಂದು ಪುಟ ಹೊಡೆದಳು. ಕನ್ನಡಿಯಂತೆ ಬಂತು.

"ಏನಾಗಿತ್ತೋ?"

"ಒಳಗೆ ಧೂಳು ಕೂತಿತ್ತು."

"ನಿನ್ನೆ ಡಬ್ಬಿಯಿಂದ ತೆಗೆದಿದ್ದಕ್ಕೆ ಧೂಳಾ? ಏನಾಗಿತ್ತು ಹೇಳು."

"ಧೂಳೇ ಅಕ್ಕ," ಎಂದ ಮೆತ್ತಗೆ.

ಅಕ್ಕ ಟೈಪಿಂಗ್ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಎರಡನೇ ಸಲ ಕೇಳಿದೀನಿ ಕಣೋ. ನೀನು ಬೈಲಿಲ್ಲ."

ಪಟಾಕಿ ಗೋಡೆ ನೋಡಿದ.

"ನನ್ನ ಕೈಯೇ ಅಲ್ವಾ?" ಎಂದಳು. ಅವನು ಹೌದೆಂದು ತಲೆಯಾಡಿಸಿ, ಮಾಡಿದ್ದನ್ನೆಲ್ಲ ಹೇಳಿದ.

"ಪಕ್ಕದ ಬೆರಳಿಗೂ ಬಂದ್ರೆ ಏನು ಮಾಡ್ತೀಯಾ?"

"ಈ ಸೆಟ್ಟಿಂಗು ಎಲ್ಲಾ ಗುಂಡಿಗೂ ಆಗುತ್ತೆ."

"ಆಮೇಲೆ ಅನ್ನದ ತುತ್ತಿಗೆ ಯಾವ ಸೆಟ್ಟಿಂಗ್ ಹಾಕ್ತೀಯೋ?"

ಅಕ್ಕ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು, ಚಳಿ ಹಿಡಿದ ಮಗುವನ್ನು ಮುಚ್ಚಿದ ಹಾಗೆ.

"ಅಪ್ಪನ ಮೂರನೇ ಕತ್ತರಿ ಇನ್ನೂ ಬೀರುವಿನಲ್ಲಿ ಹೊಳೀತಾ ಬಿದ್ದಿದೆ. ಒಂದು ಬಟ್ಟೇನೂ ಕಾಣ್ಲಿಲ್ಲ ಅದು. ನನಗೆ ಆ ಗತಿ ಬೇಡ. ತೆಗಿ ಆ ಸೆಟ್ಟಿಂಗು. ನಾಳೆ ಡಾಕ್ಟರಿಗೆ ತೋರಿಸೋಕೆ ಒಂದು ಪುಟ ಹೊಡೀತೀನಿ, ಬಂದ ಹಾಗೆ ಬರಲಿ."

ತೆಗೆದ. ಅಕ್ಕ ಹೊಡೆದಳು. ಸಾವಿರಾರು ಜನರ ಪರವಾಗಿ ಹೊಡೆದು ರೂಢಿಯಾದ ಸಾಲು: ಈ ಕೆಳಗೆ ಸಹಿ ಮಾಡಿರುವ ನಾನು. ಅದನ್ನೇ ಪುಟದ ತುದಿಯವರೆಗೂ ಹೊಡೆದಳು. ಒಣಕಾಳಿನ ಆ ಒಳ್ಳೆಯ ಸದ್ದಿನ ನಡುವೆ, ಆಗಾಗ, ಒಂದು ಕಾಳು ಎರಡು ಸಲ ಪುಟಿಯುವುದು ಈಗ ಅವನ ಕಿವಿಗೇ ಕೇಳಿಸಿತು. ಹಾಳೆ ಪ್ರಿಂಟರಿನಿಂದ ಹೊರಬಂತು. ಅವಳೇ ತೆಗೆದು ಅವನ ಕೈಗೆ ಕೊಟ್ಟಳು.

"ಕೀಬೋರ್ಡ್ ವಾಪಸ್ ಮಾಡಿಬಿಡ್ಲಾ ಅಕ್ಕ?"

"ಯಾಕೆ? ಒಳ್ಳೇ ಕೀಬೋರ್ಡು. ಇದ್ದದ್ದು ಇದ್ದ ಹಾಗೆ ಹೇಳುತ್ತೆ. ಇರಲಿ, ಕೈ ಆಡೋವರೆಗೂ ಹೊಡೀತೀನಿ." ಕಂಪ್ಯೂಟರ್ ಆರಿಸುತ್ತ ನಕ್ಕಳು. "ನಿನ್ನ ಗಾದೆ ಸರಿಯಾಗೇ ಇತ್ತು ಬಿಡು. ನೆಲ ನೆಟ್ಟಗೇ ಇದೆ."

"ಆ ಗಾದೆಗಿಷ್ಟು ಬೆಂಕಿ ಹಾಕ!" ಪಟಾಕಿ ಬೀದಿಗೆಲ್ಲ ಕೇಳುವಂತೆ ಅರಚಿದ. "ಇನ್ನೊಂದು ಸಲ ಅಂದ್ರೆ ನೋಡು!" ಅರಚುತ್ತಲೇ ಅಳು ಬಂತು. ಹಾಳೆ ಒದ್ದೆಯಾಗದಂತೆ ಅದನ್ನು ದೂರ ಹಿಡಿದುಕೊಂಡು ಅತ್ತ.

"ಹಾಂ, ಈಗ ನನ್ನ ತಮ್ಮ," ಎಂದಳು ಅಕ್ಕ. "ನಡಿ, ಶಟರ್ ಎಳಿ. ಬೆಳಿಗ್ಗೆ ಬೇಗ ಹೋಗ್ಬೇಕು."