ಮೈನಸ್ ಯು

ಫೈಲುಗಳನ್ನು ದಿನವೂ ಸಾಗಿಸಲು ಸುಮಧ್ವ ಬರೆದ ಸ್ಕ್ರಿಪ್ಟಿಗೆ ಹಾಲೇಶ ಇಟ್ಟ ಹೆಸರು ‘ಮಡಿ ಕಾಪಿ’. ಫೈಲು ನಕಲು ಮಾಡುವ ಸಿಪಿ ಆಜ್ಞೆಗೆ ಹತ್ತಾರು ಆಯ್ಕೆಗಳಿದ್ದರೂ ಸುಮಧ್ವ ಮುಟ್ಟುತ್ತಿದ್ದುದು ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ‘ಮೈನಸ್ ಪಿ’ಯಂಥ ಒಂದೆರಡನ್ನೇ. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಲಾರಿ ಬಿಡಿಭಾಗದ ಅಂಗಡಿಯ ಮೇಲಿನ ಕಚೇರಿಯಲ್ಲಿ ಇಬ್ಬರೂ ಸೇರಿ ಗಣಿಗಳ ಅದಿರು ಯಾರ್ಡುಗಳಲ್ಲಿ ಲಾರಿ ತೂಗುವ ವೇಬ್ರಿಡ್ಜಿಗೆ, ಅದರ ಪಕ್ಕದ ಪೆಟ್ಟಿಗೆಯಂಥ ಸಣ್ಣ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದರು. ಸುಮಧ್ವ ಹೊರಗಿನ ನೀರು ಕುಡಿಯದೆ ಮನೆಯಿಂದ ಬಾಟಲಿ ತರುವವನು. ಅವನ ಸಿಪಿಯೂ ಅದೇ ಜಾತಿಯದು ಎಂದು ಹಾಲೇಶ ತೀರ್ಮಾನಿಸಿಬಿಟ್ಟಿದ್ದ.

“ಮೈನಸ್ ಯು ಹಾಕಿದ್ರ ಹೊಸಾವಷ್ಟ ಕಾಪಿ ಆಗ್ತಾವು. ಎಲ್ಲಾ ಫೈಲ್ ದಿನಾ ಯಾಕ ಹೊರಬೇಕು?” ಎಂದು ಒಮ್ಮೆ ಹಾಲೇಶ ಕೇಳಿದ.

“ಇಲ್ಲಿ ಆಗ್ತಾವ. ಯಾರ್ಡಿನ ಪೆಟ್ಟಿಗ್ಯಾಗ ಇರೋದು ಸಣ್ಣ ಲಿನಕ್ಸ್. ಅದರ ಸಿಪಿಗೆ ಯು ಗೊತ್ತಿರಲಿಕ್ಕಿಲ್ಲ,” ಎಂದ ಸುಮಧ್ವ.

“ಅದೂ ಲಿನಕ್ಸ, ಇದೂ ಲಿನಕ್ಸ. ಇದಕ್ಕೂ ಮಡಿ ಮೈಲಿಗಿ ಮಾಡ್ತೀರೇನು ಆಚಾರ್ರೆ?”

ಸುಮಧ್ವ ನಕ್ಕ. ಅವನು ತಂಗಿಯ ಮದುವೆಗೆ ರಜೆ ಹಾಕಿದಾಗ ಹಾಲೇಶ ಸ್ಕ್ರಿಪ್ಟಿನಲ್ಲಿ ಪಿ ಇದ್ದ ಕಡೆ ಯು ಹಾಕಿದ. ಏನಾದರೂ ತಪ್ಪಿದರೆ ಇಂಗ್ಲಿಷ್ ಸಾಲುಗಳು ಮೂಡಿ ಆಪರೇಟರ್ ಗಾಬರಿಯಾಗಬಾರದೆಂದು, ಅಂಥ ಸಾಲುಗಳು ಪರದೆಗೇ ಬರದಂತೆ ಮಾಡಿದ. ಕಚೇರಿಯ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿತು. ಅದನ್ನೇ ಯಶವಂತನಗರದ ಯಾರ್ಡಿಗೆ ಕಳಿಸಿದ.

ಅಲ್ಲಿಯ ಆಪರೇಟರ್ ಗಾದಿಗನೂರಿನ ಎರ್ರಿಯಪ್ಪ. ತುಂಬಿದ ಲಾರಿ ಬಂದು ನಿಂತರೆ, ಪೆಟ್ಟಿಗೆ ತನ್ನ ಪಟ್ಟಿಯಲ್ಲಿದ್ದ ಖಾಲಿ ಲಾರಿಯ ತೂಕ ಕಳೆದು ಅದಿರಿನ ತೂಕ ಹೇಳುತ್ತಿತ್ತು. ಆ ಪಟ್ಟಿ ಕಚೇರಿಯಿಂದ ದಿನವೂ ಹೊಸದಾಗಿ ಹೋಗಬೇಕು. ಚೀನಾದವರು ಮಣ್ಣು ಕೊಟ್ಟರೂ ಕೊಳ್ಳುತ್ತಿದ್ದ ಕಾಲ ಅದು. ಲಾರಿ ಮಾಲೀಕರು ಇನ್ನಷ್ಟು ತುಂಬಲೆಂದು ಪಕ್ಕಗಳಿಗೆ ಕಬ್ಬಿಣದ ತಗಡು ಬೆಸೆದು ಎತ್ತರಿಸುತ್ತಲೇ ಇದ್ದರು. ಲಾರಿಯ ಖಾಲಿ ತೂಕ ಏರಿತು, ಪೆಟ್ಟಿಗೆಯ ಪಟ್ಟಿ ಹಳೆಯದೇ ಉಳಿಯಿತು. ಏರಿದ ಕಬ್ಬಿಣವೂ ಅದಿರಿನ ಲೆಕ್ಕಕ್ಕೆ ಸೇರಿತು. ಅದಿರನ್ನು ರೈಲಿಗೆ ತುಂಬುವ ಹೊಸಪೇಟೆಯ ಸೈಡಿಂಗಿನಲ್ಲಿ ಇಳಿಸಿ ತೂಗಿದರೆ ಅದಿರು ಕಡಿಮೆ.

ಸಂಡೂರು ಸೀಮೆಯಲ್ಲಿ ಆಗ ತೂಕ ತಪ್ಪಿದರೆ ಯಾರೂ ಯಂತ್ರವನ್ನು ಅನುಮಾನಿಸುತ್ತಿರಲಿಲ್ಲ. ಎರ್ರಿಯಪ್ಪ ಡ್ರೈವರುಗಳ ಜೊತೆ ಸೇರಿ ದಾರಿಯಲ್ಲಿ ಅದಿರು ಮಾರಿಕೊಂಡ ಎಂದಾಯಿತು. ಯಾರ್ಡಿನ ಮ್ಯಾನೇಜರ್ ಕೊಟ್ರಬಸಪ್ಪ ಎಲ್ಲರ ಎದುರಿಗೇ ಅವನಿಂದ ತೂಕದ ಕೋಣೆಯ ಬೀಗದ ಕೈ ಕಸಿದುಕೊಂಡು ಕೆಲಸದಿಂದ ತೆಗೆದ.

ಸುದ್ದಿ ಕೇಳಿ ಮರುದಿನ ಹಾಲೇಶ ಗಣಿ ಕಂಪನಿಯ ಬಸ್ಸು ಹತ್ತಿ ಯಾರ್ಡಿಗೆ ಹೋದ. ಪೆಟ್ಟಿಗೆಗೆ ಕೀಬೋರ್ಡು ಸಿಕ್ಕಿಸಿ ಅದೇ ಸಿಪಿಯನ್ನು ಕೈಯಾರೆ ಟೈಪ್ ಮಾಡಿದ. ಪೆಟ್ಟಿಗೆ ಪಟ್ಟಿ ನಕಲು ಮಾಡದೆ, ಯು ಎಂಬ ಆಯ್ಕೆ ತನಗೆ ಗೊತ್ತಿಲ್ಲ ಎಂದು ಹೇಳಿತು. ದಿನವೂ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿದವನು ತಾನೇ.

ಮ್ಯಾನೇಜರ್ ಪಕ್ಕದ ಕೋಣೆಯಲ್ಲಿದ್ದ. ಕರೆದು ತೋರಿಸಬಹುದಿತ್ತು. ಹಾಲೇಶ ಯು ತೆಗೆದು ಪಿ ಹಾಕಿದ, ಹೊಸ ಪಟ್ಟಿ ಬಂದು ಕೂತದ್ದನ್ನು ನೋಡಿದ, ಪರದೆ ಅಳಿಸಿದ. ಮೊದಲು ಸರಿಯಾಗಲಿ, ಸುಮಧ್ವ ಬಂದಮೇಲೆ ಇಬ್ಬರೂ ಕೂಡಿ ಹೇಳಿದರಾಯಿತು ಎಂದುಕೊಂಡ. ಕೆಲಸ ಹೋಗುವ ಹೆದರಿಕೆಗೆ ಅವನು ಇಟ್ಟ ಹೆಸರು ಅದು.

ರಜೆ ಮುಗಿಸಿ ಬಂದ ಸುಮಧ್ವ ಎಲ್ಲ ಕೇಳಿದ. ಬೈಯಲಿಲ್ಲ. “ಮೊದ್ಲ ತೋರಿಸಿ ಆಮ್ಯಾಲೆ ತಿದ್ದಬೇಕಿತ್ತಲ್ಲೋ,” ಎಂದ. ಇಬ್ಬರೂ ಯಶವಂತನಗರಕ್ಕೆ ಹೋದರು.

ಕೊಟ್ರಬಸಪ್ಪ ಚಹಾ ತರಿಸಿದ. “ಕುಂದ್ರಿ. ತಪ್ಪು ನಿಮ್ದ ಅಂತೀರಿ. ಎಲ್ಲೈತಿ, ತೋರಿಸ್ರಿ.”

“ಈಗ ಇಲ್ರಿ. ಸರಿ ಮಾಡೀನಿ,” ಎಂದ ಹಾಲೇಶ.

“ಯಾವಾಗ?”

“ಎರ್ರಿಯಪ್ಪನ್ನ ತೆಗೆದ ಮರುದಿನ.”

“ನಾನೂ ಅದನ್ನ ಹೇಳೋದು. ಅವ ಹೋದ ಮರುದಿನದಿಂದ ತೂಕ ಕರೆಕ್ಟ್ ಬರಾಕತ್ತೈತಿ.”

“ಬೇಕಾದ್ರ ಯು ತಿರುಗಿ ಹಾಕಿ ತೋರಿಸ್ತೀವ್ರಿ,” ಎಂದ ಸುಮಧ್ವ.

“ತೋರಿಸಿದ್ರ ಏನಾತು? ನಿಮಗ ಕೆಡಸಾಕ ಬರ್ತೈತಿ ಅಂತ ಗೊತ್ತಾಗ್ತೈತಿ, ಅಷ್ಟ.” ಕೊಟ್ರಬಸಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡ. “ಡ್ರೈವರುಗಳನ್ನ ಕೂಡಿಸಿ ಏನ್ ಹೇಳ್ಲಿ? ಕದ್ದದ್ದು ಎರ್ರಿಯಪ್ಪ ಅಲ್ಲ, ಮೈನಸ್ ಯು ಅಂತ ಹೇಳ್ಲಾ? ಬ್ಯಾಡ ಬಿಡ್ರಿ.”

ಸುಮಧ್ವ ಆ ಚಹಾ ಕುಡಿದ. ಹಾಲೇಶ ತನ್ನ ಕಪ್ಪನ್ನು ಮೇಜಿನ ಮೇಲೇ ಬಿಟ್ಟು ಎದ್ದ.

ಗಾದಿಗನೂರಿನಲ್ಲಿ ವಿಚಾರಿಸಿದರೆ ಎರ್ರಿಯಪ್ಪ ಕಂಪ್ಲಿಗೆ ಹೋಗಿದ್ದಾನೆಂದರು. ಮುಂದಿನ ಭಾನುವಾರ ಹಾಲೇಶ ಒಬ್ಬನೇ ಹೋದ. ರೈಸ್ ಮಿಲ್ಲಿನಲ್ಲಿ ಎರ್ರಿಯಪ್ಪ ತೂಗಿ ಬಂದ ಚೀಲಗಳ ಬಾಯಿ ಹೊಲಿಯುತ್ತ ಕೂತಿದ್ದ. ಹಾಲೇಶ ಪಿ, ಯು ಎಲ್ಲವನ್ನೂ ಬಿಡಿಸಿ ಹೇಳಿದ.

“ಇದನ್ನ ನನಗ್ಯಾಕ ಹೇಳ್ತೀರಿ?” ಎಂದ ಎರ್ರಿಯಪ್ಪ. “ನಾ ಕದ್ದಿಲ್ಲ ಅಂತ ನನಗ ಮೊದ್ಲ ಗೊತ್ತಿತ್ತಲ್ರಿ.”

ಹಾಲೇಶ ಉರುಳಿದ್ದ ಹುರಿಯ ಉಂಡೆ ಎತ್ತಿಕೊಡಲು ಬಾಗಿದ.

“ಕಳವಿನ ಸುದ್ದಿ ಇಲ್ಲಿಗೂ ಬಂದೈತ್ರಿ. ತೂಗೋ ಕಾಟಾದ ಹತ್ರ ನನ್ನ ಬಿಡಂಗಿಲ್ಲ. ದೂರ ಸರೀರಿ, ಚೀಲ ಬರ್ತೈತಿ.”

ತೂಗುವವನು ಇನ್ನೊಂದು ಚೀಲ ತಳ್ಳಿದ. ಎರ್ರಿಯಪ್ಪ ಕಾಟಾದ ಕಡೆ ನೋಡದೆ ದಬ್ಬಣ ಚುಚ್ಚಿದ.