ಯಾರ ಪ್ರಕಾರ?

ನಮ್ಮ ಲಕ್ಷಣ ಮೇಷ್ಟ್ರು ಯಾವ ಸಿನಿಮಾವನ್ನೂ ಕೊನೆಯವರೆಗೆ ನೋಡಿದವರಲ್ಲ. ಮಧ್ಯಂತರದ ದೀಪ ಹೊತ್ತಿಕೊಂಡೊಡನೆ ಎದ್ದು, ಬೂದುಬಣ್ಣದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಪಕ್ಕದ ಅಪರಿಚಿತನಿಗೆ ಉಳಿದರ್ಧದ ಕಥೆಯನ್ನು ಚುಟುಕಾಗಿ ಹೇಳಿ, ಬಾತುಕೋಳಿಯಂತೆ ಅತ್ತಿತ್ತ ತೂಗುತ್ತ ಹೊರನಡೆಯುತ್ತಿದ್ದರು. “ಲಕ್ಷಣ ತಿಳಿದ್ಮೇಲೆ ಕೊನೆ ಯಾಕ್ರೀ ನೋಡ್ಬೇಕು?” ಎಂಬುದು ಅವರ ವಾದ; ಆ ಅಡ್ಡಹೆಸರು ಬಿದ್ದದ್ದೂ ಅದರಿಂದಲೇ. ಪಕ್ಕದವನ ದುರದೃಷ್ಟಕ್ಕೆ, ಅವರು ಹೇಳಿದ ಕೊನೆ ತಪ್ಪುತ್ತಿದ್ದುದು ಅಪರೂಪ.

ಸಮೂಹ ಮಾಧ್ಯಮ ವಿಭಾಗದಲ್ಲಿ ನಮಗೆ ಮೂವರಿಗೂ ಒಂದೇ ಕೊಠಡಿ. ಕಿಟಕಿಯ ಬಳಿ ಮೇಷ್ಟ್ರ ಮೇಜು, ಬಾಗಿಲ ಬಳಿ ಅವರ ಹೆಂಡತಿಯದು, ನಡುವೆ ಗಡಿಗಲ್ಲಿನಂತೆ ಒಂದು ಕಬ್ಬಿಣದ ಬೀರು, ಬೀರುವಿನ ಮರೆಯಲ್ಲಿ ನಾನು. ಪ್ರಕಾರವೆಂಬುದು ಕೃತಿಯ ಮೈಮೇಲೆಯೇ ಅಚ್ಚೊತ್ತಿರುತ್ತದೆ, ಸ್ಥಳ, ಉಡುಪು, ಬೆಳಕು, ಕಥೆಯ ತಿರುವು ಇವುಗಳನ್ನು ಗುರುತಿಸಿದರೆ ಭಯಾನಕವೋ ಪತ್ತೇದಾರಿಯೋ ಕೌಟುಂಬಿಕವೋ ತಾನಾಗಿ ತಿಳಿಯುತ್ತದೆ ಎಂದು ಅವರು ಕಿಟಕಿಯ ಕಡೆಯಿಂದ ಸಾಧಿಸಿದರೆ, ಅದು ಇರುವುದು ನೋಡುವವರ ನಿರೀಕ್ಷೆಯಲ್ಲಿ ಎಂದು ಆಕೆ ಬಾಗಿಲ ಕಡೆಯಿಂದ ಸಾಧಿಸುತ್ತಿದ್ದರು. ಒಮ್ಮೆ ಟಿವಿ ವಾಹಿನಿಯ ಅಧಿಕಾರಿಯೊಬ್ಬ ಬಂದು, “ಅದೆಲ್ಲ ಬಿಡಿ ಸಾರ್, ಯಾವ ಹೊತ್ತಿಗೆ ಹಾಕ್ತೀವಿ, ಯಾವ ಜಾಹೀರಾತು ಸಿಗುತ್ತೆ, ಅದೇ ಪ್ರಕಾರ” ಎಂದಾಗ ಗಂಡಹೆಂಡಿರು ಒಟ್ಟಾಗಿ ನಕ್ಕಿದ್ದರು. ಅವರು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಕೆಯ ಪುಸ್ತಕ ಹೊರಬಂದಾಗ ತೊಂದರೆ ಮೊದಲಾಯಿತು. ಚಿತ್ರಮಂದಿರದ ಬಾಗಿಲಲ್ಲಿ ನಿಂತು, ಹೊರಬರುವ ಜನರನ್ನು ಮಾತಾಡಿಸಿ ಬರೆದ ಪುಸ್ತಕ ಅದು. ಬಿಡುಗಡೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಭೂತದ ಸಿನಿಮಾಕ್ಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕ ದಾದಿಯರ ಗುಂಪೊಂದರ ಸಂಗತಿಯನ್ನು ಆಕೆ ಹೇಳುತ್ತಿದ್ದಂತೆ ಮೇಷ್ಟ್ರು ಎದ್ದು ನಿಂತರು.

“ನಕ್ಕ ಮಾತ್ರಕ್ಕೆ ಅದು ಹಾಸ್ಯ ಆಗ್ಬಿಡುತ್ತಾ? ನನ್ನ ಪ್ರಕಾರ ಅದು ಭಯಾನಕವೇ.”

“ನೋಡಿದ್ರಾ, ಅವರೇ ಹೇಳ್ಬಿಟ್ರು,” ಎಂದರು ಆಕೆ ಸಭೆಯ ಕಡೆಗೆ ತಿರುಗಿ. “ಪ್ರಕಾರ ಅಂದ ತಕ್ಷಣ ಕೇಳಬೇಕಾದ್ದು ಅದೇ. ಯಾರ ಪ್ರಕಾರ?”

ಚಪ್ಪಾಳೆ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೇಷ್ಟ್ರೂ ತಟ್ಟಿದರು, ಆದರೆ ಅಂಗೈಗಳು ಒಂದನ್ನೊಂದು ಮುಟ್ಟಿದಂತೆ ನನಗೆ ಕಾಣಲಿಲ್ಲ.

ಮುಂದಿನ ತಿಂಗಳು ಸಾಹಿತ್ಯ ಪತ್ರಿಕೆಯೊಂದರಲ್ಲಿ ಆ ಪುಸ್ತಕದ ಮೇಲೆ ಹೆಸರಿಲ್ಲದ ವಿಮರ್ಶೆಯೊಂದು ಬಂತು. ಕೃತಿಯ ಮೈಯಲ್ಲಿ ಗುರುತುಗಳೇ ಇಲ್ಲದಿದ್ದರೆ ನೋಡುವವನಲ್ಲಿ ನಿರೀಕ್ಷೆ ಹುಟ್ಟುವುದಾದರೂ ಎಲ್ಲಿಂದ, ಭೂತವೆಂದು ಗುರುತಿಸದೆ ದಾದಿಯರು ನಕ್ಕದ್ದಾದರೂ ಯಾವುದಕ್ಕೆ ಎಂದು ಕೇಳಿ, ಪುಸ್ತಕವನ್ನು ಎಳೆಎಳೆಯಾಗಿ ಬಿಡಿಸಿಟ್ಟಿತ್ತು. ಹೊಟ್ಟೆಕಿಚ್ಚಿನ ಹೊಗೆ ಪ್ರತಿ ಸಾಲಿನಲ್ಲೂ ಇತ್ತು. ಆದರೆ ಹೊಗೆಯ ಕೆಳಗೆ ಬೆಂಕಿಯೂ ಇತ್ತು, ಬೆಳಕೂ ಇತ್ತು. ಬರೆದವರು ಯಾರೆಂದು ನನಗೆ ತಿಳಿಯಲು ಎರಡನೆಯ ಪರಿಚ್ಛೇದದವರೆಗೆ ಓದಬೇಕಾಗಲಿಲ್ಲ.

ಆಕೆ ಅದನ್ನು ಓದಿ ಮಡಚಿಟ್ಟು, ಬೀರುವಿನಾಚೆಗೆ ಕೇಳುವಂತೆ ಹೇಳಿದರು, “ಯಾರೋ ಪುಣ್ಯಾತ್ಮ! ಎಷ್ಟು ಚೆನ್ನಾಗಿ ಓದಿದ್ದಾನೆ ರೀ. ನನ್ನ ಪುಸ್ತಕಾನ ಇಷ್ಟು ಅರ್ಥ ಮಾಡ್ಕೊಂಡೋರು ಇನ್ಯಾರೂ ಇಲ್ಲ.”

ಮೇಷ್ಟ್ರ ಮುಖ ಹುಳ್ಳಗಾಯಿತು. ಬೈದದ್ದಕ್ಕೆ ಆಕೆ ಅತ್ತಿದ್ದರೆ ಸಮಾಧಾನ ಮಾಡಲು ಅವರು ಸಿದ್ಧರಾಗಿದ್ದರೇನೋ. ಹೊಗಳಿಕೆಗೆ ಸಿದ್ಧರಾಗಿರಲಿಲ್ಲ. ಆಕೆ ಅಷ್ಟಕ್ಕೇ ಬಿಡಲಿಲ್ಲ. ಆ ಅನಾಮಧೇಯನ ವಾಕ್ಯಗಳನ್ನು ತರಗತಿಯಲ್ಲಿ ಓದಿದರು, ಎರಡನೆಯ ಮುದ್ರಣಕ್ಕೆ ಅವನ ಆಕ್ಷೇಪಗಳಿಗೆಂದೇ ಹೊಸ ಅಧ್ಯಾಯ ಬರೆಯತೊಡಗಿದರು, ಊಟದ ಡಬ್ಬಿ ಬಿಚ್ಚುವಾಗಲೂ ಅವನದೇ ಮಾತು. ಆಗ ನಡೆದದ್ದು ನನ್ನ ಆಯುಷ್ಯದಲ್ಲಿ ಕಂಡ ವಿಚಿತ್ರಗಳಲ್ಲೊಂದು: ಲಕ್ಷಣ ಮೇಷ್ಟ್ರು ತಾವೇ ಆಗಿದ್ದ ಆ ಮನುಷ್ಯನ ಮೇಲೆ ಕರುಬತೊಡಗಿದರು.

“ಅಷ್ಟೇನೂ ಹೊಗಳ್ಬೇಕಾಗಿಲ್ಲ ಅವನನ್ನ. ಮೂರನೇ ಪ್ಯಾರಾದಲ್ಲಿ ತರ್ಕ ಸಡಿಲವಾಗಿದೆ,” ಎನ್ನುವರು. “ಸೊಕ್ಕಿನ ಬರವಣಿಗೆ,” ಎನ್ನುವರು. ದಿನದಿನಕ್ಕೆ ಸೊರಗಿದರು. ಕೋಟು ಹೆಗಲಿನಿಂದ ಜಾರುವಂತಾಯಿತು.

ಕೊನೆಗೊಂದು ಮಧ್ಯಾಹ್ನ, ಆಕೆ ಹೊಸ ಅಧ್ಯಾಯವನ್ನು ಆ ವಿಮರ್ಶಕನಿಗೇ ಅರ್ಪಿಸುವುದಾಗಿ ಹೇಳಿದಾಗ, ಅವರಿಗೆ ತಡೆಯಲಾಗಲಿಲ್ಲ.

“ಅದನ್ನ ಬರೆದೋನು ನಾನೇ ಕಣೇ!”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ಮೊದಲನೇ ಸಾಲಿಂದ.”

“ಮತ್ತೆ ಇಷ್ಟು ದಿನ ನನ್ನ ಹೊಟ್ಟೆ ಯಾಕೆ ಉರಿಸಿದೆ?”

“ಎದುರಿಗೆ ನಿಮ್ಮನ್ನ ಹೊಗಳಿದ್ರೆ ನಿಮ್ಮ ಕಿವಿಗೇ ಬೀಳಲ್ಲ,” ಎಂದರು ಆಕೆ, ತಿದ್ದುತ್ತಿದ್ದ ಹಾಳೆಯಿಂದ ತಲೆಯೆತ್ತದೆ. “ಬೇರೆಯವರನ್ನ ಹೊಗಳಿದ್ರೆ ಒಂದಕ್ಷರ ಬಿಡಲ್ಲ. ಅದಕ್ಕೆ.”

ಮೇಷ್ಟ್ರು ಕುರ್ಚಿಯನ್ನು ಬೀರುವಿನ ಈಚೆಗೆ ಎಳೆದುಕೊಂಡು ಬಂದು, ಆಕೆಯ ಮೇಜಿನ ಮುಂದೆ ಕುಳಿತು, “ಮೂರನೇ ಪ್ಯಾರಾ ನಿಜವಾಗ್ಲೂ ಸಡಿಲವಾಗಿದೆ. ಕೊಡಿಲ್ಲಿ,” ಎಂದರು. ಹೆಂಡತಿಗೆ ಅವರು ಬಹುವಚನ ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗುಣವಾಯಿತೆಂದು ಹೇಳಲಾರೆ. ಎರಡನೆಯ ಮುದ್ರಣ ಖರ್ಚಾದಾಗ ಮತ್ತೆ ಮೂರು ದಿನ ಮಾತು ಬಿಟ್ಟರು. ಮತ್ಸರಿಗಳನ್ನು ಸಣ್ಣ ಮನಸ್ಸಿನವರೆಂದು ಲೋಕ ಜರೆಯುತ್ತದೆ. ಇರಬಹುದು. ಆದರೆ ಸ್ನೇಹಿತರು ನಮ್ಮ ಪುಸ್ತಕದ ಪುಟ ಮಗುಚುತ್ತಾರೆ, ಅಭಿಮಾನಿಗಳು ಹೊದಿಕೆ ನೋಡಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಅಕ್ಷರ ಬಿಡದೆ ಓದುವವರು ಮತ್ಸರಿಗಳು ಮಾತ್ರ. ನಾನೂ ಪುಸ್ತಕ ಬರೆದವನೇ. ಎಲ್ಲರೂ ಚೆನ್ನಾಗಿದೆ ಎಂದರು. ಅಂಥ ಶತ್ರುವೊಬ್ಬನನ್ನು ಮನೆಯಲ್ಲೇ ಪಡೆಯುವ ಭಾಗ್ಯ ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ.